ಅಂಗಡಿ ಬೋರ್ಡಿನ ‘ಸ್ಟೇಷನರಿ’: ಎ ಬರಬೇಕಾ, ಇ ಬರಬೇಕಾ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮಪ್ಪಂದು ಒಂದು ಅಂಗಡಿ ಇದೆ. ನೋಟ್‌ಬುಕ್, ಪೆನ್ನು, ಗ್ರಾಫ್ ಶೀಟು, ಜೆರಾಕ್ಸು, ಇಷ್ಟೇ ವ್ಯಾಪಾರ. ಹೋದ ತಿಂಗಳು ಹೊಸ ಬೋರ್ಡ್ ಬರೆಸಿದೆವು. ಪೇಂಟರ್ ಇಂಗ್ಲಿಷಿನಲ್ಲಿ ‘ಸ್ಟೇಷನರಿ’ ಅಂತ ಬರೆಯುವಾಗ ಕೊನೆಗೆ ಎ-ಆರ್-ವೈ ಹಾಕಿಬಿಟ್ಟ. ಮೂರು ದಿನ ಯಾರೂ ಏನೂ ಅನ್ನಲಿಲ್ಲ. ನಾಲ್ಕನೇ ದಿನ ಜಾಮೆಟ್ರಿ ಬಾಕ್ಸ್ ತಗೊಳ್ಳೋಕೆ ಬಂದ ಎಂಟನೇ ಕ್ಲಾಸಿನ ಹುಡುಗಿ ತಲೆ ಎತ್ತಿ ನೋಡಿ ಕಿಸಕ್ಕನೆ ನಕ್ಕಳು. “ಅಂಕಲ್, ಹೀಗೆ ಬರೆದರೆ ಅಲುಗಾಡದೆ ನಿಂತಿರೋದು ಅಂತ ಅರ್ಥ. ನಿಮ್ಮದು ಇ-ಆರ್-ವೈ ಆಗಬೇಕು” ಅಂದಳು.

ಅಪ್ಪ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಬೋರ್ಡ್ ನೋಡಿದರು. “ಸರಿಯಾಗೇ ಇದೆಯಲ್ಲಮ್ಮ. ಮೂವತ್ತು ವರ್ಷದಿಂದ ಇಲ್ಲೇ ನಿಂತಿದ್ದೀನಿ, ಎಲ್ಲಿಗೂ ಹೋಗಿಲ್ಲ” ಅಂದರು.

ತಿದ್ದೋಕೆ ಪೇಂಟರ್ ಮತ್ತೆ ದುಡ್ಡು ಕೇಳುತ್ತಿದ್ದಾನೆ. ಅದಿರಲಿ. ನನ್ನ ಪ್ರಶ್ನೆ ಬೇರೆ. ಕಿವಿಗೆ ಒಂದೇ ತರ ಕೇಳಿಸೋ ಪದಕ್ಕೆ ಎರಡು ಸ್ಪೆಲ್ಲಿಂಗ್ ಯಾಕೆ? ಇವೆರಡೂ ನೆಂಟರಾ, ಇಲ್ಲ ಸುಮ್ನೆ ಒಂದೇ ತರ ಕೇಳಿಸ್ತಾವಾ? ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ ಸ್ಪೆಲ್ಲಿಂಗ್. ಗಲಾಟೆಯೇ ಇಲ್ಲ.

ಹಾಸನದ ಟೀಚರಮ್ಮ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಈ ಎ-ಇ ಜಗಳಕ್ಕೆ ನಾನು ಹಾಕಿದ ಕೆಂಪು ಗೆರೆಗಳಿಗೆ ಲೆಕ್ಕವಿಲ್ಲ. ಆದರೆ ನಿಮ್ಮ ತಂದೆ ತಮಾಷೆಗೆ ಹೇಳಿದ್ದು ಇದೆಯಲ್ಲ, ಆ ಪದದ ಹುಟ್ಟಿನ ಕತೆಯೇ ಅದು!

ಲ್ಯಾಟಿನ್‌ನಲ್ಲಿ ‘ಸ್ಟಾಟಿಯೊ’ ಅಂದರೆ ನಿಲ್ಲುವ ಜಾಗ. ರೈಲು ನಿಲ್ಲುವ ಸ್ಟೇಷನ್ ಕೂಡ ಅಲ್ಲಿಂದಲೇ ಬಂದಿದ್ದು. ಮಧ್ಯಯುಗದ ಯುರೋಪಿನಲ್ಲಿ ಬಹಳಷ್ಟು ವ್ಯಾಪಾರಿಗಳು ತಲೆ ಮೇಲೆ ಗಂಟು ಹೊತ್ತು ಊರೂರು ಸುತ್ತುತ್ತಿದ್ದರು. ಪುಸ್ತಕ ಮಾರುವವರು ಮಾತ್ರ ವಿಶ್ವವಿದ್ಯಾಲಯದ ಹತ್ತಿರ ಒಂದು ಕಡೆ ಅಂಗಡಿ ಹಾಕಿ ಕೂರುತ್ತಿದ್ದರು. ಒಂದೇ ಕಡೆ ನಿಂತ ವ್ಯಾಪಾರಿ ಅನ್ನೋ ಅರ್ಥದಲ್ಲಿ ಅವರಿಗೆ ‘ಸ್ಟಾಟಿಯೊನಾರಿಯುಸ್’ ಅಂತ ಹೆಸರು ಬಿತ್ತು. ಇಂಗ್ಲಿಷಿನಲ್ಲಿ ಅದು ‘ಸ್ಟೇಷನರ್’ ಆಯಿತು. ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಗಳ ಸಂಘಕ್ಕೆ 1557ರಲ್ಲಿ ರಾಜಶಾಸನ ಸಿಕ್ಕಿದ್ದು ‘ಸ್ಟೇಷನರ್ಸ್ ಕಂಪನಿ’ ಅನ್ನೋ ಹೆಸರಿನಲ್ಲೇ.

ಬೇಕರ್ ಅಂಗಡಿ ಬೇಕರಿ. ಅದೇ ತರ ಸ್ಟೇಷನರ್ ಮಾರುವುದು ಸ್ಟೇಷನರಿ. ಅದಕ್ಕೇ ಅಲ್ಲಿ ಇ ಉಳಿಯಿತು. ನಿಂತಿರೋದು ಅನ್ನೋ ಅರ್ಥದ ಪದ ಲ್ಯಾಟಿನ್‌ನ ಎ ಇಟ್ಟುಕೊಂಡಿತು. ಎರಡೂ ಒಂದೇ ತಾಯಿಯ ಮಕ್ಕಳು. ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ಉಪಾಯ: ಪೇಪರ್ ಪದದ ಕೊನೆಯಲ್ಲಿ ಇ-ಆರ್ ಇದೆ, ಪೇಪರ್ ಮಾರುವ ಅಂಗಡಿಯಲ್ಲೂ ಇ-ಆರ್.

ಬೋರ್ಡ್ ತಿದ್ದಿಸಿ. ಆದರೆ ಅಪ್ಪನಿಗೆ ಈ ಕತೆ ಹೇಳಿಯೇ ತಿದ್ದಿಸಿ.

ಕಟ್ಲೆಟ್ ಕೃಷ್ಣ

ಹಾಗಾದರೆ ಒಂದೇ ತರ ಕೇಳಿಸಿದರೆ ನೆಂಟರು ಅಂತ ಆಯ್ತಲ್ಲ ಟೀಚರ್. ನನ್ನದೊಂದು ಥಿಯರಿ ಇದೆ. ಕಟ್ ಮಾಡಿದ್ದು ಕಟ್ಲೆಟ್, ಕಟ್ ಮಾಡೋ ಸಾಮಾನು ಕಟ್ಲರಿ. ಸರಿನಾ?

ಹಾಸನದ ಟೀಚರಮ್ಮ

ಎರಡೂ ತಪ್ಪು. ಬೇಜಾರು ಮಾಡ್ಕೋಬೇಡಿ, ಈ ಬಲೆಗೆ ಎಲ್ಲರೂ ಬೀಳುತ್ತಾರೆ.

ಕಟ್ಲೆಟ್ ಫ್ರೆಂಚ್‌ನ ‘ಕೋತ್ಲೆತ್’. ಅಂದರೆ ಚಿಕ್ಕ ಪಕ್ಕೆಲುಬು. ಮೂಲ ಲ್ಯಾಟಿನ್‌ನ ‘ಕೋಸ್ಟಾ’, ಪಕ್ಕೆಲುಬು. ಪಕ್ಕೆಲುಬಿನ ಮಾಂಸದ ತುಂಡಿಗೆ ಇದ್ದ ಹೆಸರು ಅದು. ಇಂಗ್ಲಿಷಿನವರ ಕಿವಿಗೆ ಅದರಲ್ಲಿ ‘ಕಟ್’ ಕೇಳಿಸಿತು, ಹಾಗೇ ಬರೆದರು. ನಮ್ಮ ರೈಲಿನಲ್ಲಿ ಸಿಗುವ ಆಲೂಗಡ್ಡೆ-ಬೀಟ್ರೂಟ್ ಕಟ್ಲೆಟ್‌ನಲ್ಲಿ ಪಕ್ಕೆಲುಬೂ ಇಲ್ಲ, ಕಟ್ ಮಾಡಿದ ತುಂಡೂ ಇಲ್ಲ. ಹೆಸರು ಮಾತ್ರ ಅಲ್ಲಿಂದ ಇಲ್ಲಿವರೆಗೆ ಬಂದಿದೆ.

ಕಟ್ಲರಿ ಬೇರೆ ದಾರಿ. ಲ್ಯಾಟಿನ್‌ನಲ್ಲಿ ‘ಕುಲ್ಟರ್’ ಅಂದರೆ ಚಾಕು, ‘ಕುಲ್ಟೆಲ್ಲುಸ್’ ಅಂದರೆ ಚಿಕ್ಕ ಚಾಕು. ಚಾಕು ಮಾಡುವವನು ಕಟ್ಲರ್, ಅವನ ಸಾಮಾನು ಕಟ್ಲರಿ. ಕಟ್, ಕಟ್ಲೆಟ್, ಕಟ್ಲರಿ ಮೂರೂ ಒಂದೇ ತಟ್ಟೆಯ ಮುಂದೆ ಕೂತಿವೆ, ಒಂದಕ್ಕೊಂದು ಸಂಬಂಧವಿಲ್ಲ.

ಕಡಲತಡಿ (ಕಾರವಾರ)

ಕೋಸ್ಟಾ ಅಂದಿರಲ್ಲ ಟೀಚರ್, ‘ಕೋಸ್ಟ್’ ಅಂದರೆ ಕರಾವಳಿ, ಅದೂ ಇದೇನಾ?

ಹಾಸನದ ಟೀಚರಮ್ಮ

ಹೌದು, ಅದೇ! ನೆಲದ ಪಕ್ಕೆ ಅಂತ ಅರ್ಥ. ಕಟ್ಲೆಟ್ಟಿಗೆ ಕಟ್ ನೆಂಟ ಅಲ್ಲ, ನಿಮ್ಮ ಕರಾವಳಿ ನೆಂಟ. ಬೆಲೆ ಅನ್ನೋ ಅರ್ಥದ ‘ಕಾಸ್ಟ್’ ಮಾತ್ರ ಬೇರೆ, ಅದನ್ನು ಇಲ್ಲಿಗೆ ಎಳೆಯಬೇಡಿ.

ಕಟ್ಲೆಟ್ ಕೃಷ್ಣ

ಥಿಯರಿ ಹೋದರೂ ಹೆಸರು ಉಳಿಸ್ಕೊತೀನಿ 😄

ಕಡಲತಡಿ (ಕಾರವಾರ)

ನಮ್ಮೂರಲ್ಲಿ ನೌಕಾನೆಲೆ ಇದೆ. ಹೋದಲ್ಲಿ ಬಂದಲ್ಲಿ ‘ನೇವಲ್’ ಅನ್ನೋ ಬೋರ್ಡು. ನನ್ನ ಮಗಳು ಐದನೇ ಕ್ಲಾಸಿನ ಪ್ರಬಂಧದಲ್ಲಿ ಎ ಬದಲು ಇ ಬರೆದಿದ್ದಳು. ಅವರ ಮಿಸ್ ಪಕ್ಕದಲ್ಲಿ ಒಂದು ಹೊಟ್ಟೆ ಬರೆದು, ಮಧ್ಯೆ ಚುಕ್ಕಿ ಇಟ್ಟು ಕಳಿಸಿದ್ದರು. ಇ ಹಾಕಿದರೆ ಹೊಕ್ಕಳು ಅಂತ ಆಗುತ್ತಂತೆ. ಮನೆಯಲ್ಲಿ ಇನ್ನೂ ಅವಳನ್ನು ‘ಹೊಕ್ಕಳು ನೆಲೆ’ ಅಂತ ರೇಗಿಸುತ್ತೇವೆ. ಇವೆರಡೂ ನೆಂಟರಾ?

ಮ್ಯೂನಿಕ್ ಮಂಜ

ಇದು ನನಗೆ ಇಷ್ಟದ ಜೋಡಿ, ನಾನು ಹೇಳ್ತೀನಿ. ಇಬ್ಬರೂ ನೆಂಟರಲ್ಲ. ಆದರೆ ಇಬ್ಬರೂ ನಿಮಗೆ ಗೊತ್ತಿರುವವರೇ.

ಹಡಗಿನ ನೇವಲ್ ಲ್ಯಾಟಿನ್‌ನ ‘ನಾವಿಸ್’ನಿಂದ ಬಂದಿದ್ದು. ಸಂಸ್ಕೃತದ ‘ನೌ’ ಅದರ ಅಕ್ಕ ಅಥವಾ ತಂಗಿ. ನಾವು ಹೇಳುವ ನೌಕೆ, ನಾವೆ, ನಾವಿಕ ಎಲ್ಲ ಆ ಮನೆಯವೇ. ಹೊಟ್ಟೆಯ ನೇವಲ್ ಹಳೆಯ ಇಂಗ್ಲಿಷಿನ ‘ನಾಫೆಲಾ’. ಜರ್ಮನ್‌ನಲ್ಲಿ ಈಗಲೂ ‘ನಾಬೆಲ್’. ಸಂಸ್ಕೃತದಲ್ಲಿ? ‘ನಾಭಿ’! ನಿಮ್ಮ ಮಗಳು ಒಂದು ಅಕ್ಷರದಲ್ಲಿ ನೌಕೆಯಿಂದ ನಾಭಿಗೆ ಹಾರಿದ್ದಾಳೆ ಅಷ್ಟೇ. ಕನ್ನಡದಲ್ಲಿ ಇವೆರಡನ್ನು ಯಾರೂ ಕಲಸಿಕೊಳ್ಳಲ್ಲ. ಇಂಗ್ಲಿಷಿನಲ್ಲಿ ಸವೆದು ಸವೆದು ಒಂದೇ ಸದ್ದಾಗಿವೆ.

ಇನ್ನೊಂದು. ‘ನೈಟ್’ ಅಂದರೆ ರಾತ್ರಿ, ‘ನೈಟ್’ ಅಂದರೆ ಕುದುರೆ ಮೇಲಿನ ಯೋಧ. ಯೋಧನ ನೈಟ್‌ಗೆ ಮುಂದೆ ಒಂದು ಕೆ, ಎರಡಕ್ಕೂ ನಡುವೆ ಜಿ-ಎಚ್. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನನಗೆ ಸಿಟ್ಟು ಬರುತ್ತಿತ್ತು. ಯಾಕೆ ಈ ದಂಡ ಅಕ್ಷರಗಳು ಅಂತ. ಜರ್ಮನಿಗೆ ಬಂದ ಮೇಲೆ ಗೊತ್ತಾಯಿತು. ಇಲ್ಲಿ ರಾತ್ರಿಗೆ ‘ನಾಖ್ಟ್’ ಅಂತಾರೆ, ಗಂಟಲಿನಿಂದ ಖರ್ರ್ ಅಂತ. ಯೋಧನ ಪದದ ದಾಯಾದಿ ‘ಕ್ನೆಖ್ಟ್’. ಅರ್ಥ ಮಾತ್ರ ಯೋಧ ಅಲ್ಲ, ಆಳು. ಇಂಗ್ಲಿಷಿನಲ್ಲೂ ಮೊದಲು ಹುಡುಗ, ಆಳು ಅಂತಲೇ ಅರ್ಥ ಇತ್ತು. ರಾಜನ ಸೇವೆಯಲ್ಲಿದ್ದ ಆಳು ಆಮೇಲೆ ದೊಡ್ಡ ಮನುಷ್ಯನಾದ. ಹಿಂದೆ ಇಂಗ್ಲಿಷಿನವರೂ ಆ ಕೆ, ಆ ಜಿ-ಎಚ್ ಎರಡನ್ನೂ ಬಾಯಿ ತುಂಬಾ ಹೇಳುತ್ತಿದ್ದರು. ಸದ್ದು ಹೋಯಿತು, ಅಕ್ಷರ ಕೂತುಬಿಟ್ಟಿತು.

ನಮ್ಮಜ್ಜಿ ‘ನಕ್ತ’ ಮಾಡುತ್ತಿದ್ದರು. ಹಗಲು ಉಪವಾಸ, ರಾತ್ರಿ ಒಂದು ಊಟ. ನಕ್ತ ಅಂದರೆ ರಾತ್ರಿ. ಅದೂ ನೈಟ್ ಒಂದೇ ಕುಟುಂಬ. ಆ ಜಿ-ಎಚ್ ಇದೆಯಲ್ಲ, ಅದು ನಮ್ಮಜ್ಜಿಯ ನಕ್ತದಲ್ಲಿರೋ ಕಕಾರ. ಅವತ್ತಿನಿಂದ ಆ ಅಕ್ಷರಗಳ ಮೇಲೆ ಸಿಟ್ಟಿಲ್ಲ.

ವೇದಪ್ರಿಯ

ಇದನ್ನೇ ನಾನು ಹೇಳೋದು. ಎಲ್ಲ ಸಂಸ್ಕೃತದಿಂದಲೇ ಹೋಗಿದ್ದು. ‘ನ್ಯಾವಿಗೇಷನ್’ ಕೂಡ ನಮ್ಮ ‘ನವಗತಿ’. ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂದಿತ್ತು, ಪೂರ್ತಿ ಪಟ್ಟಿ ಇದೆ. ಹಾಕಲಾ?

ಮ್ಯೂನಿಕ್ ಮಂಜ

ಬೇಡ ಸಾರ್ 🙏 ಆ ಪಟ್ಟಿ ನನಗೂ ಮೂರು ಗ್ರೂಪಿನಿಂದ ಬಂದಿದೆ.

ನ್ಯಾವಿಗೇಷನ್‌ನಲ್ಲಿ ಎರಡು ಲ್ಯಾಟಿನ್ ಪದ ಇದೆ. ‘ನಾವಿಸ್’ ಅಂದರೆ ಹಡಗು, ‘ಅಗೆರೆ’ ಅಂದರೆ ನಡೆಸು. ಹಡಗು ನಡೆಸೋದು. ‘ಗತಿ’ ಅಲ್ಲಿ ಇಲ್ಲವೇ ಇಲ್ಲ. ‘ನಾವಿಸ್’ ಸಂಸ್ಕೃತದ ನೌಗೆ ನೆಂಟ ಅನ್ನೋದು ನಿಜ. ಆದರೆ ನೆಂಟ ಬೇರೆ, ಮಗ ಬೇರೆ. 1786ರಲ್ಲಿ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಇದನ್ನೇ ಹೇಳಿದ್ದು: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಅಂತ. ಮೂವರು ಅಕ್ಕತಂಗಿಯರು. ಯಾರೂ ಯಾರಿಗೂ ಅಮ್ಮ ಅಲ್ಲ.

ವೇದಪ್ರಿಯ

ಸರಿ, ಒಪ್ಪೋಣ. ಆದರೆ ಇಲ್ಲಿಂದ ಒಂದು ಪದವೂ ಹೋಗಿಲ್ಲ ಅಂತ ಹೇಳ್ಬೇಡಿ.

ಹುಬ್ಬಳ್ಳಿ ಹುಡುಗಿ

ಹೋಗಿವೆ ಸರ್, ಬೇಕಾದಷ್ಟು ಹೋಗಿವೆ. ‘ಕಾಟ್’ ತಗೊಳ್ಳಿ. ಮಲಗೋ ಕಾಟ್ ಹಿಂದಿಯ ‘ಖಾಟ್’. ಇಲ್ಲಿಗೆ ಬಂದ ಇಂಗ್ಲಿಷರು ಹಗ್ಗದ ಮಂಚದ ಮೇಲೆ ಮಲಗಿ ಹೆಸರನ್ನೂ ಹೊತ್ತುಕೊಂಡು ಹೋದರು. ಆದರೆ ಅವರ ಹತ್ತಿರ ಮೊದಲೇ ಅದೇ ಸ್ಪೆಲ್ಲಿಂಗಿನ ಇನ್ನೊಂದು ‘ಕಾಟ್’ ಇತ್ತು. ಅದು ಗುಡಿಸಲು. ‘ಕಾಟೇಜ್’ ಆ ಗುಡಿಸಲಿನ ಕಡೆಯದ್ದು. ಅಂದರೆ ರೆಸಾರ್ಟಿನಲ್ಲಿ ಕಾಟೇಜಿನೊಳಗೆ ಕಾಟ್ ಇದ್ದರೆ ಒಂದು ಇಂಗ್ಲೆಂಡಿಂದು, ಇನ್ನೊಂದು ನಮ್ಮ ಕಡೇದು.

‘ಟ್ಯಾಂಕ್’ ಇನ್ನೂ ಚಂದ. ಗುಜರಾತಿಯಲ್ಲಿ ‘ಟಾಂಕುಂ’ ಅಂದರೆ ನೀರಿನ ತೊಟ್ಟಿ. ಪೋರ್ಚುಗೀಸರ ‘ತಾಂಕ್’ ಅನ್ನೋ ಪದವೂ ಅದರ ಜತೆ ಸೇರಿಕೊಂಡಿತು. ಬ್ರಿಟಿಷರು ನಮ್ಮ ಕೆರೆಗಳಿಗೆಲ್ಲ ಟ್ಯಾಂಕ್ ಅಂತ ಬರೆದುಕೊಂಡರು. ಬೆಂಗಳೂರಿನ ಸ್ಯಾಂಕಿ ಕೆರೆ 1882ರಿಂದ ಸ್ಯಾಂಕಿ ಟ್ಯಾಂಕೇ. ಆಮೇಲೆ ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿನವರು ಗುಟ್ಟಾಗಿ ಉಕ್ಕಿನ ಯುದ್ಧಗಾಡಿ ಕಟ್ಟಿದರು. ಶತ್ರುಗಳಿಗೆ ಗೊತ್ತಾಗಬಾರದು ಅಂತ ಅದಕ್ಕೆ ನೀರಿನ ಟ್ಯಾಂಕ್ ಅಂತ ಸುಳ್ಳು ಹೆಸರಿಟ್ಟರು. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೊಮ್ ಯುದ್ಧಕ್ಕೆ ಅದು ಇಳಿಯಿತು. ಸುಳ್ಳು ಹೆಸರೇ ಖಾಯಂ ಆಯಿತು. ಕೆರೆ ಹೆಸರು ಹೊತ್ತ ಗಾಡಿ ಅದು!

ತಿಪಟೂರು ತೆಂಗು

ಸ್ಯಾಂಕಿ ಅಂದಾಗ ನೆನಪಾಯ್ತು. ಆ ಕೆರೆ ಕಟ್ಟಿಸಿದ ಸ್ಯಾಂಕಿ ಸೇನೆಯ ಕರ್ನಲ್ ಅಲ್ವಾ? ಆ ‘ಕರ್ನಲ್’ ಸ್ಪೆಲ್ಲಿಂಗ್ ನೋಡಿ. ಅದರಲ್ಲಿ ಒಂದೇ ಒಂದು ಆರ್ ಇಲ್ಲ. ಓದಿದರೆ ‘ಕೊಲೊನೆಲ್’ ಅಂತ ಬರುತ್ತೆ. ನನ್ನ ಕಂಪ್ಯೂಟರ್ ಲ್ಯಾಬಿನಲ್ಲಿ ಲಿನಕ್ಸ್ ಅನ್ನೋ ಸಾಫ್ಟ್‌ವೇರಿನ ಒಳಭಾಗಕ್ಕೆ ‘ಕರ್ನಲ್’ ಅಂತಾರೆ, ಅದರಲ್ಲಿ ಆರ್ ನೆಟ್ಟಗೆ ಇದೆ.

ಹಾಸನದ ಟೀಚರಮ್ಮ

ಮೂವತ್ತು ವರ್ಷ ಮಕ್ಕಳು ಕೇಳಿದ ಪ್ರಶ್ನೆ ಇದು. ಹತ್ತು ವರ್ಷ “ಅದು ಹಾಗೇ, ಬಾಯಿಪಾಠ ಮಾಡಿ” ಅಂದಿದ್ದೇನೆ. ಆಮೇಲೆ ಓದಿಕೊಂಡೆ.

ಇಟಲಿಯಲ್ಲಿ ಸೈನಿಕರ ಸಾಲಿನ ಮುಖ್ಯಸ್ಥನಿಗೆ ‘ಕೊಲೊನ್ನೆಲ್ಲೊ’ ಅಂತಿದ್ದರು. ಕಾಲಂ ಅಂದರೆ ಕಂಬ, ಸಾಲು. ಫ್ರೆಂಚರ ಬಾಯಲ್ಲಿ ಒಂದೇ ಪದದಲ್ಲಿ ಎರಡು ಲಕಾರ ತಿರುಗಲಿಲ್ಲ. ಮೊದಲನೆಯದನ್ನು ರಕಾರ ಮಾಡಿ ‘ಕೊರೊನೆಲ್’ ಅಂದರು. ಇಂಗ್ಲಿಷರು 16ನೇ ಶತಮಾನದಲ್ಲಿ ಅದನ್ನೇ ತಗೊಂಡರು. ಆಮೇಲೆ ಯಾರೋ ಪಂಡಿತರು ಇಟಲಿಯ ಮೂಲ ನೋಡಿ ಸ್ಪೆಲ್ಲಿಂಗ್ ತಿದ್ದಿದರು. ಜನ ನಾಲಿಗೆ ತಿದ್ದಿಕೊಳ್ಳಲಿಲ್ಲ. ಬರಹ ಇಟಲಿಯದ್ದು, ಉಚ್ಚಾರ ಫ್ರಾನ್ಸಿನದ್ದು. ಸ್ಪೇನಿನವರು ಇವತ್ತಿಗೂ ‘ಕೊರೊನೆಲ್’ ಅಂತಲೇ ಬರೆಯುತ್ತಾರೆ, ಅವರಿಗೆ ತಲೆನೋವಿಲ್ಲ.

ಲಿನಕ್ಸಿನ ಕರ್ನಲ್ ಅಂದರೆ ತಿರುಳು, ಬೀಜ. ‘ಕಾರ್ನ್’ ಅಂದರೆ ಹಿಂದೆ ಮೆಕ್ಕೆಜೋಳ ಅಲ್ಲ, ಯಾವುದೇ ಕಾಳು. ಕಾಳಿನ ಮರಿ ಕರ್ನಲ್. ತಿಪಟೂರಿನವರಿಗೆ ಬೇರೆ ಹೇಳಬೇಕಾ, ನಿಮ್ಮ ಕೊಬ್ಬರಿ ತೆಂಗಿನಕಾಯಿಯ ಕರ್ನಲ್ಲೇ.

ಹುಬ್ಬಳ್ಳಿ ಹುಡುಗಿ

ಪಂಡಿತರು ತಿದ್ದಿ ಕೆಡಿಸಿದ್ದು ಇದೊಂದೇ ಅಲ್ಲ. ‘ಐಲೆಂಡ್’ ಪದದಲ್ಲಿ ಎಸ್ ಇದೆಯಲ್ಲ, ಅದು ಕಳ್ಳ ಎಸ್. ಹಳೆಯ ಇಂಗ್ಲಿಷಿನಲ್ಲಿ ‘ಈಯ್‌ಲಂಡ್’ ಥರ ಏನೋ ಇತ್ತು, ನೀರಿನ ನಡುವಿನ ನೆಲ. ಎಸ್ ಇರಲೇ ಇಲ್ಲ. ಇತ್ತ ಲ್ಯಾಟಿನ್‌ನ ‘ಇನ್ಸುಲಾ’ದಿಂದ ಫ್ರೆಂಚ್ ಮೂಲಕ ‘ಐಲ್’ ಅನ್ನೋ ಇನ್ನೊಂದು ಪದ ಬಂತು, ಅದೂ ದ್ವೀಪವೇ. ಅದರ ಎಸ್ ನೋಡಿ ಇದಕ್ಕೂ ಒಂದು ಎಸ್ ಅಂಟಿಸಿದರು. ಸಂಬಂಧ ಇಲ್ಲದಿದ್ದರೂ.

ಅಷ್ಟಕ್ಕೇ ಬಿಡಲಿಲ್ಲ. ವಿಮಾನದಲ್ಲಿ ‘ಐಲ್ ಸೀಟ್’ ಅಂತೀವಲ್ಲ, ನಡುವಿನ ಓಡಾಡೋ ಜಾಗ. ಅದು ಲ್ಯಾಟಿನ್‌ನ ‘ಆಲಾ’, ಅಂದರೆ ರೆಕ್ಕೆ. ಚರ್ಚಿನ ಎರಡೂ ಪಕ್ಕದ ಭಾಗಕ್ಕೆ ರೆಕ್ಕೆ ಅಂತಿದ್ದರು. ಅದಕ್ಕೂ ದ್ವೀಪದ ಎಸ್ ಅಂಟಿತು. ನಾನು ಮೊದಲ ಸಲ ವಿಮಾನ ಹತ್ತಿದಾಗ ಕೌಂಟರಿನಲ್ಲಿ ‘ಐಸಲ್ ಸೀಟ್’ ಕೊಡಿ ಅಂದಿದ್ದೆ. ಆ ಹುಡುಗ ನಗಲಿಲ್ಲ, ಪುಣ್ಯಾತ್ಮ. ಈಗ ಅನ್ನಿಸುತ್ತೆ, ತಪ್ಪು ನನ್ನದಲ್ಲ, ಆ ಎಸ್ ಹಾಕಿದವರದ್ದು.

ಕಡಲತಡಿ (ಕಾರವಾರ)

ಪೇಪರಿನಲ್ಲಿ ಒಮ್ಮೊಮ್ಮೆ ‘ಗೊರಿಲ್ಲಾ ಯುದ್ಧ’ ಅಂತ ಬರುತ್ತಲ್ಲ, ಅದು ಸರಿನಾ? ಚಿಕ್ಕವನಿದ್ದಾಗ ಶಿವಾಜಿ ಸೈನ್ಯದಲ್ಲಿ ಗೊರಿಲ್ಲಾಗಳಿದ್ದವು ಅಂದುಕೊಂಡಿದ್ದೆ. ನಿಜವಾಗ್ಲೂ.

ಮ್ಯೂನಿಕ್ ಮಂಜ

😂 ಗೆರಿಲ್ಲಾ ಆಗಬೇಕು. ಸ್ಪ್ಯಾನಿಷ್‌ನಲ್ಲಿ ‘ಗೆರ್ರಾ’ ಅಂದರೆ ಯುದ್ಧ, ‘ಗೆರ್ರಿಯಾ’ ಅಂದರೆ ಚಿಕ್ಕ ಯುದ್ಧ. 1808ರ ನಂತರ ನೆಪೋಲಿಯನ್ ಸೈನ್ಯದ ಮೇಲೆ ಸ್ಪೇನಿನ ಜನ ಅಡಗಿ ಕೂತು ಬೀಳುತ್ತಿದ್ದರಲ್ಲ, ಆಗ ಈ ಪದ ಇಂಗ್ಲಿಷಿಗೆ ಬಂತು. ಶಿವಾಜಿ ಕಾಲಕ್ಕೆ ಈ ಪದವೇ ಇಂಗ್ಲಿಷಿನಲ್ಲಿ ಇರಲಿಲ್ಲ. ಮರಾಠಿಯಲ್ಲಿ ಅದಕ್ಕೆ ‘ಗನಿಮೀ ಕಾವಾ’ ಅಂತಾರೆ.

ಪ್ರಾಣಿಯ ಗೊರಿಲ್ಲಾ ಗ್ರೀಕ್‌ನಿಂದ. ಉತ್ತರ ಆಫ್ರಿಕಾದ ಹಳೇ ನಗರ ಕಾರ್ತೇಜಿನ ಹ್ಯಾನೊ ಅನ್ನೋ ನಾವಿಕ ಎರಡು ಸಾವಿರ ವರ್ಷಕ್ಕೂ ಹಿಂದೆ ಆಫ್ರಿಕಾದ ತೀರದಲ್ಲಿ ಮೈ ತುಂಬ ಕೂದಲಿದ್ದ ಜನರನ್ನು ನೋಡಿದೆ ಅಂತ ಹೇಳಿದ್ದ. ಗ್ರೀಕ್ ಬರಹದಲ್ಲಿ ಅವರ ಹೆಸರು ‘ಗೊರಿಲ್ಲೈ’. 1847ರಲ್ಲಿ ಥಾಮಸ್ ಸ್ಯಾವೇಜ್ ಅನ್ನೋ ಅಮೆರಿಕದ ಪಾದ್ರಿ-ವೈದ್ಯ ಆ ಹೆಸರನ್ನು ದೊಡ್ಡ ವಾನರಕ್ಕೆ ಇಟ್ಟ. ಆ ಪ್ರಾಣಿ ಯಾರ ಜತೆಗೂ ಗೆರಿಲ್ಲಾ ಯುದ್ಧ ಮಾಡಲ್ಲ. ಸೊಪ್ಪು ತಿಂದುಕೊಂಡಿರುತ್ತೆ.

ಓಲೆಗರಿ

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಮೊದಲ ಪೋಸ್ಟಿನಲ್ಲಿ ಒಂದು ಮಾತಿತ್ತು: ಕನ್ನಡದಲ್ಲಿ ಬರೆದರೆ ಗಲಾಟೆಯೇ ಇಲ್ಲ ಅಂತ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

‘ಬಾಗಿಲು ತೆರೆ’ ಅಂತೀವಿ. ‘ಕಡಲ ತೆರೆ’ ಅಂತೀವಿ. ಎರಡೂ ತೆರೆ. ಒಂದೇ ಸದ್ದು, ಒಂದೇ ಬರಹ. ಆದರೆ ಹಳಗನ್ನಡದಲ್ಲಿ ಇವು ಬೇರೆ ಬೇರೆ. ಬಾಗಿಲಿನದು ‘ತೆಱೆ’, ಕಡಲಿನದು ‘ತೆರೆ’. ಆ ಱ ಅಕ್ಷರ ಗಟ್ಟಿ ರಕಾರ. ತಮಿಳಿನಲ್ಲಿ ಇವತ್ತಿಗೂ ಬರಹದಲ್ಲಿ ಎರಡು ಬೇರೆ ರಕಾರ ಇವೆ, ಬಾಗಿಲಿಗೆ ಒಂದು, ಅಲೆಗೆ ಇನ್ನೊಂದು. ‘ಅರಿ’ ಕೂಡ ಹಾಗೇ. ತಿಳಿ ಅನ್ನೋ ಅರ್ಥದ್ದು ‘ಅಱಿ’, ಕತ್ತರಿಸು ಅನ್ನೋ ಅರ್ಥದ್ದು ‘ಅರಿ’.

‘ಬಾಳು’ ತಗೊಳ್ಳಿ. ನಾವು ಬದುಕುವ ಬಾಳು ಹಿಂದೆ ‘ಬಾೞ್’. ಕತ್ತಿ ಅನ್ನೋ ಅರ್ಥದ್ದು ‘ಬಾಳ್’. ತಮಿಳಿನ ವಾಳ್ ಮತ್ತು ವಾೞ್ ಇದ್ದ ಹಾಗೆ. ಆ ೞ ಅಕ್ಷರದ ಸದ್ದು ನಮ್ಮ ನಾಲಿಗೆಯಿಂದ ಜಾರಿ ಳಕಾರದಲ್ಲಿ ಸೇರಿಹೋಯಿತು. 13ನೇ ಶತಮಾನದ ಕೇಶಿರಾಜನ ವ್ಯಾಕರಣದಲ್ಲಿ ಎಲ್ಲಿ ೞ, ಎಲ್ಲಿ ಳ ಅಂತ ಬಿಡಿಸಿ ಹೇಳಬೇಕಾಗಿತ್ತು ಅಂದರೆ ಯೋಚಿಸಿ. ಬರೆಯುವವರು ಆಗಲೇ ನಿಮ್ಮ ಪೇಂಟರ್ ಥರ ತಪ್ಪುತ್ತಿದ್ದರು.

ಈಗ ವ್ಯತ್ಯಾಸ ನೋಡಿ. ನಮ್ಮಲ್ಲಿ ಸದ್ದು ಸೇರಿದಾಗ ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷಿನವರು ಬಿಡಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಚ್ಚಾದ ಪುಸ್ತಕಗಳಿಂದ ನಿಧಾನಕ್ಕೆ ಸ್ಪೆಲ್ಲಿಂಗ್ ಗಟ್ಟಿಯಾಗುತ್ತಾ ಬಂತು. ಅದೇ ಹೊತ್ತಿಗೆ ಅವರ ಸ್ವರಗಳು ಒಂದೊಂದಾಗಿ ಜಾಗ ಬದಲಿಸುತ್ತಿದ್ದವು. ಭೇಟಿಯಾಗುವ ‘ಮೀಟ್’ ಮತ್ತೆ ಮಾಂಸದ ‘ಮೀಟ್’ ಆಗ ಒಂದೇ ಸದ್ದಲ್ಲ. ಭೇಟಿಯದ್ದು ‘ಮೇಟ್’ ಥರ, ಮಾಂಸದ್ದು ಬಾಯಿ ಇನ್ನೂ ಅಗಲ ಮಾಡಿ ಹೇಳುವ ‘ಮೆ’. ಅದಕ್ಕೇ ಒಂದಕ್ಕೆ ಎರಡು ಇ, ಇನ್ನೊಂದಕ್ಕೆ ಇ-ಎ. ಆಮೇಲೆ ಎರಡೂ ‘ಮೀಟ್’ ಆದವು. ಬರಹ ಮಾತ್ರ ಹಳೆಯದ್ದೇ.

ಅಂದರೆ ಅವರದು ಪೆಟ್ಟಿಗೆಯಲ್ಲಿ ಎಲ್ಲ ಹಳೇ ಚೀಟಿ ಇಟ್ಟುಕೊಳ್ಳುವ ಅಜ್ಜಿಯ ಮನೆ. ಹುಡುಕಿದರೆ ಏನಾದರೂ ಸಿಗುತ್ತೆ, ಕಾಲಿಡೋಕೆ ಜಾಗ ಇಲ್ಲ. ನಮ್ಮದು ಗುಡಿಸಿ ಸಾರಿಸಿದ ಮನೆ. ಓಡಾಡೋಕೆ ಸಲೀಸು, ಹಳೇ ಚೀಟಿ ಬೇಕಂದರೆ ಶಾಸನ ಓದಬೇಕು.

ಕಟ್ಲೆಟ್ ಕೃಷ್ಣ

ಮೀಟ್ ಅಂದ್ರಲ್ಲ, ನಮ್ಮ ತಾತನ ಕತೆ ಹೇಳಲೇಬೇಕು. ಒಂದು ಹಳೇ ಮಿಠಾಯಿ ಅಂಗಡಿ ಬೋರ್ಡಿನಲ್ಲಿ ‘ಸ್ವೀಟ್‌ಮೀಟ್ ಸ್ಟಾಲ್’ ಅಂತ ಇತ್ತು. ತಾತ ಶುದ್ಧ ಸಸ್ಯಾಹಾರಿ. ಅಕ್ಷರ ಕೂಡಿಸಿ ಓದಿದವರೇ ಜಹಾಂಗೀರ್ ಪೊಟ್ಟಣ ವಾಪಸ್ ಕೊಟ್ಟು ಬಂದರು. ಆಮೇಲೆ ಆ ಬೀದಿಗೇ ಹೋಗಲಿಲ್ಲ.

ಹಾಸನದ ಟೀಚರಮ್ಮ

ಅಯ್ಯೋ ಪಾಪ, ಜಹಾಂಗೀರ್ ಹೋಯ್ತಲ್ಲ. ಹಳೆಯ ಇಂಗ್ಲಿಷಿನಲ್ಲಿ ಮಾಂಸದ ‘ಮೀಟ್’ ಅಂದರೆ ಊಟ, ತಿನ್ನುವ ವಸ್ತು ಅಷ್ಟೇ. ಆಮೇಲೆ ಮಾಂಸಕ್ಕೆ ಮಾತ್ರ ಸೀಮಿತವಾಯಿತು. ಸ್ವೀಟ್‌ಮೀಟ್‌ನಲ್ಲಿ ಹಳೇ ಅರ್ಥವೇ ಉಳಿದಿದೆ, ಸಿಹಿ ತಿಂಡಿ ಅಂತ.

ಅಡುಗೆಮನೆಗೆ ಬಂದಿದ್ದೇವಲ್ಲ, ಇನ್ನೊಂದು ಹೇಳಿ ಮುಗಿಸುತ್ತೇನೆ. ‘ಫ್ಲವರ್’ ಅಂದರೆ ಹೂವು, ‘ಫ್ಲೋರ್’ ಥರ ನಾವು ತಪ್ಪಾಗಿ ಹೇಳುವ ಹಿಟ್ಟು ಕೂಡ ಉಚ್ಚಾರದಲ್ಲಿ ‘ಫ್ಲವರ್’ರೇ. ಇವು ನೆಂಟರಲ್ಲ, ಒಂದೇ ಪದ. ಫ್ರೆಂಚರು ಬೀಸಿದ ಹಿಟ್ಟಿನಲ್ಲಿ ಎಲ್ಲಕ್ಕಿಂತ ನಯವಾದ ಭಾಗಕ್ಕೆ ‘ಹಿಟ್ಟಿನ ಹೂವು’ ಅನ್ನುತ್ತಿದ್ದರು. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಹಿಟ್ಟಿಗೆ ಬೇರೆ ಸ್ಪೆಲ್ಲಿಂಗ್ ಇಲ್ಲ, ಹೂವಿನದ್ದೇ. ಬೇರೆ ಸ್ಪೆಲ್ಲಿಂಗ್ ಗಟ್ಟಿಯಾಗಿದ್ದು ಆಮೇಲೆ.

ನನಗೆ ಇದು ಅರ್ಥವಾಗಿದ್ದು ನಮ್ಮತ್ತೆ ಮೊಮ್ಮಗುವಿಗೆ ರಾಗಿ ಸರಿಗೆ ಹಿಟ್ಟು ಮಾಡುವುದನ್ನು ನೋಡಿದಾಗ. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿ. ಪಾತ್ರೆಯ ಬಾಯಿಗೆ ಮೆತ್ತನೆ ಪಂಚೆ ಕಟ್ಟಿ, ಮೇಲೆ ಹಿಟ್ಟು ಸುರಿದು, ಅಂಗೈಯಲ್ಲಿ ಸುತ್ತ ಸುತ್ತ ಸವರುತ್ತಿದ್ದರು. ಬಟ್ಟೆಯ ಮೇಲೆ ತರಿ, ತೌಡು ಉಳಿಯಿತು. ಕೆಳಗೆ ಬಿದ್ದಿದ್ದು ಪೌಡರ್ ಥರ, ಮುಟ್ಟಿದರೆ ಬೆರಳಿಗೆ ಗೊತ್ತೇ ಆಗಲ್ಲ. ಅದನ್ನು ಹೂವು ಅಂತ ಕರೆದವರ ಮೇಲೆ ನನಗೆ ತಕರಾರಿಲ್ಲ.

ಹುಬ್ಬಳ್ಳಿ ಹುಡುಗಿ

ತಿಪಟೂರಿನವರೇ, ನಿಮ್ಮ ಅಂಗಡಿ ಮಾಲಿನ ಬಗ್ಗೆಯೂ ಕೇಳಿ ಬಿಡಿ. ಪೆನ್ನು, ಪೆನ್ಸಿಲ್ಲು ನೆಂಟರಾ?

ತಿಪಟೂರು ತೆಂಗು

ಪೆನ್ನಿನ ಮರಿ ಪೆನ್ಸಿಲ್ ಅಂದುಕೊಂಡಿದ್ದೆ. ಈಗ ಹೇಳೋಕೆ ಭಯ.

ಮ್ಯೂನಿಕ್ ಮಂಜ

ಭಯ ಸರಿಯಾಗೇ ಇದೆ 😄 ಪೆನ್ ಲ್ಯಾಟಿನ್‌ನ ‘ಪೆನ್ನಾ’, ಅಂದರೆ ಹಕ್ಕಿಯ ಗರಿ. ಗರಿಯನ್ನು ಚೂಪು ಮಾಡಿ ಶಾಯಿಯಲ್ಲಿ ಅದ್ದಿ ಬರೆಯುತ್ತಿದ್ದರಲ್ಲ. ಅದರ ಮೂಲ ಧಾತು ಹಾರು ಅನ್ನೋದು. ಸಂಸ್ಕೃತದ ‘ಪತ್ರ’ವೂ ಅದೇ ಧಾತು: ಗರಿ, ರೆಕ್ಕೆ, ಆಮೇಲೆ ಎಲೆ, ಆಮೇಲೆ ನಾವು ಬರೆಯುವ ಕಾಗದ. ಪೆನ್ನಿಗೂ ಪತ್ರಕ್ಕೂ ಹುಟ್ಟಿನಿಂದಲೇ ನಂಟು.

ಪೆನ್ಸಿಲ್ ಬೇರೆ. ಲ್ಯಾಟಿನ್‌ನ ‘ಪೆನಿಕಿಲ್ಲುಸ್’ ಅಂದರೆ ಪುಟ್ಟ ಬಾಲ, ಹಾಗಾಗಿ ಬಣ್ಣ ಹಚ್ಚೋ ಕುಂಚ. ಪೆನ್ಸಿಲ್ ಅಂದರೆ ಮೊದಲು ಕುಂಚವೇ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಗ್ರ್ಯಾಫೈಟ್ ಸಿಕ್ಕಿ, ಅದರ ಕಡ್ಡಿಯಲ್ಲಿ ಗೀಚೋದು ಶುರುವಾದ ಮೇಲೆ ಹೆಸರು ಅದಕ್ಕೆ ಹೋಯಿತು. ಸೀಸ ಅಂದುಕೊಂಡು ‘ಲೆಡ್’ ಅಂದರು, ಅದರಲ್ಲಿ ಸೀಸ ಇಲ್ಲವೇ ಇಲ್ಲ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಕೂಡ ಪೆನ್ಸಿಲ್ಲಿನ ಕಡೆಯದ್ದು. ಆ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಕುಂಚದ ಥರ ಕಾಣುತ್ತೆ, ಅದಕ್ಕೇ ಆ ಹೆಸರು.

ತಿಪಟೂರು ತೆಂಗು

ಎಲ್ಲರಿಗೂ ಥ್ಯಾಂಕ್ಸ್. ಒಂದು ಅಕ್ಷರ ಕೇಳೋಕೆ ಬಂದವನಿಗೆ ಇಷ್ಟೆಲ್ಲ ಸಿಕ್ಕಿತು.

ಅಪ್ಪನಿಗೆ ಸ್ಟೇಷನರ್ ಕತೆ ಓದಿ ಹೇಳಿದೆ. “ನೋಡಿದ್ಯಾ, ನಾನು ಆವತ್ತೇ ಹೇಳಿದ್ದೆ” ಅಂತ ಮೀಸೆ ತಿರುವಿದರು. ಆಮೇಲೆ ಅವರೇ ಪೇಂಟರಿಗೆ ಫೋನ್ ಮಾಡಿ ತಿದ್ದೋಕೆ ಕರೆದರು. ಹೇಗೂ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಕಾನೂನು ಬಂದಿದೆಯಲ್ಲ, ಪೂರ್ತಿ ಹೊಸದಾಗಿ ಬರೆಸೋಣ ಅಂದರು. ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಚಿಕ್ಕದಾಗಿ ಇಂಗ್ಲಿಷ್.

ಇವತ್ತು ಬೆಳಿಗ್ಗೆ ಬರೆದು ಹೋದ. ಇಂಗ್ಲಿಷಿನಲ್ಲಿ ಇ ಸರಿಯಾಗಿ ಬಂದಿದೆ. ಸಂಜೆ ಅದೇ ಎಂಟನೇ ಕ್ಲಾಸಿನ ಹುಡುಗಿ ಬಂದಳು. ಬೋರ್ಡ್ ನೋಡಿದಳು. ಇಂಗ್ಲಿಷ್ ಓದಿ ತಲೆಯಾಡಿಸಿದಳು. ಕನ್ನಡ ಓದಿ ಮತ್ತೆ ನಕ್ಕಳು.

ಪೇಂಟರ್ ‘ಸ್ಟೇಶನರಿ’ ಅಂತ ಬರೆದಿದ್ದಾನೆ. ಓಲೆಗರಿ ಸಾರ್, ಇಲ್ಲಿ ಶ ಬರಬೇಕಾ, ಷ ಬರಬೇಕಾ?